ತಂತಿಯ ನಾದವೂ ಆರ್ತರ ಶುಶ್ರೂಷೆಯೂ: ಕಿಸುಕಾಡು–ಬೆಳ್ವೊಲ ನಾಡುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1

ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಹೆಸರುಗಳನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಕೋಟೆ ಕೊತ್ತಲಗಳು, ಕದನಗಳು, ಸಂಧಾನಗಳು. ಮರಾಠರಿಗೂ ಟಿಪ್ಪೂ ಸುಲ್ತಾನನಿಗೂ 1787ರಲ್ಲಿ ಒಪ್ಪಂದ ನಡೆದದ್ದು ಗಜೇಂದ್ರಗಡದಲ್ಲಿ. ಬಾಬಾಸಾಹೇಬ ಭಾವೆಯು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತದ್ದು ನರಗುಂದದಲ್ಲಿ. 1980ರ ರೈತ ಬಂಡಾಯದ ನೆಲೆಯೂ ಅದೇ ಊರು. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ ತಕ್ಕ ಸ್ಥಾನವನ್ನು ಪಡೆದಿವೆ. ಆದರೆ ಇದೇ ಸೀಮೆಗೆ ನಾದದ ಇತಿಹಾಸವೊಂದು ಉಂಟೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. 1922ರ ಫೆಬ್ರವರಿ 4ರಂದು ರೋಣದಲ್ಲಿ ಭೀಮಸೇನ ಜೋಶಿಯವರು ಜನಿಸಿದರೆಂಬ ಒಂದು ಮಾತನ್ನು ಅಭಿಮಾನದಿಂದ ಹೇಳಿ ಅಲ್ಲಿಗೇ ನಿಲ್ಲಿಸುವುದು ವಾಡಿಕೆಯಾಗಿದೆ.

ಈ ವಿಸ್ಮೃತಿಯು ಈಚೆಗೆ ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಚೀನಾ ದೇಶದ ಪ್ರಾಚೀನ ತಂತಿವಾದ್ಯಗಳಾದ ಗೂಚಿನ್ ಮತ್ತು ಗೂಝೆಂಗ್‌ಗಳ ವಾದನವು ಇಂದು ಯಂತ್ರಗಳ ಮೂಲಕ ಯಾವ ಹಳ್ಳಿಯನ್ನಾದರೂ ತಲುಪುತ್ತದೆ. ಅದು ಬರುವಾಗ ‘ವಿಶ್ರಾಂತಿಯ ಸಂಗೀತ’, ‘ರೋಗ ಗುಣಪಡಿಸುವ ಸಂಗೀತ’ ಎಂಬ ತಲೆಬರಹಗಳನ್ನು ಹೊತ್ತು ಬರುತ್ತದೆ. ನಮ್ಮ ರಾಗಗಳ ವಿಷಯದಲ್ಲಿಯೂ ಇಂಥದೇ ಮಾತುಗಳು ಹಬ್ಬಿವೆ. ಇಂಥ ರಾಗದಿಂದ ಇಂಥ ರೋಗ ಶಮನವಾಗುವುದೆಂಬ ಪಟ್ಟಿಗಳು ಪ್ರಚಾರದಲ್ಲಿವೆ. ಅವುಗಳ ಬೆಂಬಲಕ್ಕೆ ‘ನಮ್ಮ ಪೂರ್ವಿಕರು ಹೀಗೆ ಹೇಳಿದ್ದಾರೆ’ ಎಂಬ ಪ್ರಮಾಣವನ್ನು ಮುಂದಿಡುವುದುಂಟು. ರೋಗಿಯೊಬ್ಬನು ಈ ಮಾತನ್ನು ನಂಬಿ ವೈದ್ಯನ ಬಳಿ ಹೋಗಲು ತಡಮಾಡಿದನೆಂದರೆ ಆ ತಪ್ಪಿನ ಫಲವನ್ನು ಉಣ್ಣುವವನು ಪಟ್ಟಿಯನ್ನು ಬರೆದವನಲ್ಲ, ರೋಗಿ. ಹೀಗಿರಲು ಪೂರ್ವಿಕರು ನಿಜವಾಗಿ ಏನು ಹೇಳಿದರು ಎಂಬುದನ್ನು ಪರಿಶೀಲಿಸುವುದು ಇತಿಹಾಸಕಾರನ ಕರ್ತವ್ಯವೇ ಆಗಿದೆ.

ಪ್ರಕೃತ ಲೇಖನದ ಉದ್ದೇಶವು ಇದಿಷ್ಟೆ: ಮೊದಲು ಚೀನಾ ದೇಶದ ಸಾಕ್ಷ್ಯವನ್ನೂ, ಬಳಿಕ ಮಲಪ್ರಭಾ ತೀರದ ಈ ನಾಡನ್ನು ಆಳಿದ ಅರಸುಮನೆಗಳ ಕಾಲದ ಶಾಸನ ಮತ್ತು ಶಾಸ್ತ್ರಗ್ರಂಥಗಳ ಸಾಕ್ಷ್ಯವನ್ನೂ ಒಂದೆಡೆಯಿಟ್ಟು, ತಂತಿಯ ನಾದಕ್ಕೂ ರೋಗಿಯ ಉಪಚಾರಕ್ಕೂ ಹಿಂದಿನವರು ಕಲ್ಪಿಸಿದ ಸಂಬಂಧವು ಯಾವ ಬಗೆಯದೆಂದು ನಿರ್ಧರಿಸುವುದು.

2

ವಿಷಯಕ್ಕೆ ಬರುವ ಮೊದಲು ವಾದ್ಯಗಳ ಜಾತಿಯನ್ನು ಕುರಿತು ಎರಡು ಮಾತು ಅವಶ್ಯ. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ವಿದ್ವಾಂಸರು ಪ್ರಪಂಚದ ವಾದ್ಯಗಳನ್ನೆಲ್ಲ ವಿಂಗಡಿಸಿದಾಗ ತಂತಿವಾದ್ಯಗಳಲ್ಲಿ ‘ಜಿದರ್’ ಎಂಬುದೊಂದು ವರ್ಗವನ್ನು ಗುರುತಿಸಿದರು. ಒಂದು ದಂಡದ ಮೇಲೆಯೋ ಹಲಗೆಯ ಮೇಲೆಯೋ ತಂತಿಗಳನ್ನು ಉದ್ದಕ್ಕೆ ಬಿಗಿದು ನುಡಿಸುವ ವಾದ್ಯವೇ ಜಿದರ್. ಅದರ ನಾದವನ್ನು ಹೆಚ್ಚಿಸುವ ಬುರುಡೆಯಿದ್ದರೂ ಅದನ್ನು ತೆಗೆದುಹಾಕಿದ ಮಾತ್ರಕ್ಕೆ ವಾದ್ಯವು ಕೆಡುವುದಿಲ್ಲ. ಕೊರಳು ಮತ್ತು ಒಡಲು ಒಂದಕ್ಕೊಂದು ಬೆಸೆದುಕೊಂಡಿರುವ ವಾದ್ಯಗಳು ಬೇರೊಂದು ವರ್ಗಕ್ಕೆ ಸೇರುತ್ತವೆ.

ಈ ಲಕ್ಷಣವನ್ನು ಒಪ್ಪಿದರೆ ಇಂದು ದಕ್ಷಿಣದ ಕಚೇರಿಗಳಲ್ಲಿ ಕಾಣುವ ಸರಸ್ವತೀ ವೀಣೆಯಾಗಲಿ ಗಾಯಕರ ಹಿಂದೆ ಮಿಡಿಯುವ ತಂಬೂರಿಯಾಗಲಿ ಜಿದರ್ ವರ್ಗಕ್ಕೆ ಸೇರುವುದಿಲ್ಲ. ದಂಡ ಮತ್ತು ಸೋರೆಬುರುಡೆಗಳಿಂದ ಕೂಡಿದ ಕಿನ್ನರಿಯೂ ರುದ್ರವೀಣೆಯೂ ದಂಡದ ಜಿದರ್‌ಗಳು. ಹಲಗೆಯ ಪೆಟ್ಟಿಗೆಯ ಮೇಲೆ ತಂತಿಗಳನ್ನು ಸಾಲಾಗಿ ಬಿಗಿದ ಸ್ವರಮಂಡಲವು ಹಲಗೆಯ ಜಿದರ್. ಚೀನಾ ದೇಶದ ಎರಡು ವಾದ್ಯಗಳೂ ಇದೇ ಬಳಗದವು. ಗೂಚಿನ್ ಏಳು ತಂತಿಗಳ ನೀಳವಾದ್ಯ; ಬೆರಳಿಡುವ ಸ್ಥಾನಗಳನ್ನು ಸೂಚಿಸಲು ಅದರ ಮೈಮೇಲೆ 13 ಬಿಂದುಗಳನ್ನು ಕೂರಿಸಿರುತ್ತಾರೆ. ಅದಕ್ಕೆ ಹಿಂದೆ ರೇಷ್ಮೆಯ ತಂತಿಗಳನ್ನೇ ಬಿಗಿಯುತ್ತಿದ್ದುದರಿಂದ ಅದರ ದನಿ ಬಹು ಮೆಲುವಾದದ್ದು. ಕೋಣೆಯಲ್ಲಿ ಕುಳಿತ ನಾಲ್ವರು ಕೇಳಬಹುದಾದದ್ದು. ಗೂಝೆಂಗ್ ಅದಕ್ಕಿಂತ ದೊಡ್ಡ ದನಿಯ ಸಭಾವಾದ್ಯ. ಪ್ರತಿಯೊಂದು ತಂತಿಗೂ ಸರಿಸಬಲ್ಲ ಕುದುರೆಯೊಂದಿರುವ ಆ ವಾದ್ಯದಲ್ಲಿ ಇಂದು ಸಾಮಾನ್ಯವಾಗಿ 21 ತಂತಿಗಳಿರುತ್ತವೆ. ಆದಕಾರಣ ಚೀನಾದ ಜಿದರ್ ಕನ್ನಡಿಗನಿಗೆ ಸಂಪೂರ್ಣ ಅಪರಿಚಿತವಾದ ವಸ್ತುವಲ್ಲ. ಕಿನ್ನರಿ ಸ್ವರಮಂಡಲಗಳ ದೂರದ ನಂಟು ಅದಕ್ಕುಂಟು.

3

ಚೀನಾ ದೇಶದಲ್ಲಿ ನಾದವನ್ನೂ ದೇಹವನ್ನೂ ಜೋಡಿಸುವ ವಿಚಾರವು ಬಹು ಹಳೆಯದು. ಅಲ್ಲಿಯ ಪ್ರಾಚೀನ ವೈದ್ಯಗ್ರಂಥವಾದ ‘ಹ್ವಾಂಗ್‌ದಿ ನೈಜಿಂಗ್’ ಐದು ಸ್ವರಗಳನ್ನು ಐದು ಅಂಗಗಳೊಡನೆ ಹೊಂದಿಸುತ್ತದೆ: ಜಿಯಾವ್ ಸ್ವರವು ಯಕೃತ್ತಿಗೆ, ಝ್ರಿ ಹೃದಯಕ್ಕೆ, ಗೋಂಗ್ ಪ್ಲೀಹಕ್ಕೆ, ಶಾಂಗ್ ಪುಪ್ಪುಸಕ್ಕೆ, ಯೂ ಮೂತ್ರಪಿಂಡಕ್ಕೆ. ಇದೇ ಗ್ರಂಥವು ಐದು ಋತುಕಾಲಗಳನ್ನೂ ಐದು ಬಣ್ಣಗಳನ್ನೂ ಐದು ರುಚಿಗಳನ್ನೂ ಅದೇ ಐದು ಅಂಗಗಳೊಡನೆ ಹೊಂದಿಸುತ್ತದೆಂಬುದನ್ನು ನಾವು ಮರೆಯಬಾರದು. ವಿಶ್ವದಲ್ಲಿರುವ ಸಮಸ್ತವನ್ನೂ ಐದರ ಲೆಕ್ಕದಲ್ಲಿ ಅಳವಡಿಸುವ ದರ್ಶನವೊಂದರ ಭಾಗವಾಗಿ ಈ ಮಾತು ಬಂದಿದೆ. ಆ ದರ್ಶನದಿಂದ ಸ್ವರವನ್ನು ಮಾತ್ರ ಬಿಡಿಸಿ ತೆಗೆದು ಅದನ್ನು ಔಷಧದಂತೆ ಬಳಸುವುದು ಆಧುನಿಕರ ಕೆಲಸ.

ಮೂರನೆಯ ಶತಮಾನದ ಶೀ ಕಾಂಗ್ (223-262) ಎಂಬ ಕವಿಯ ನಿಲುವು ಇಲ್ಲಿ ಗಮನಾರ್ಹವಾದುದು. ಗೂಚಿನ್ ವಾದ್ಯವನ್ನು ಕುರಿತು ಆತನು ದೀರ್ಘವಾದ ಗದ್ಯಕಾವ್ಯವೊಂದನ್ನು ರಚಿಸಿ, ಮನಸ್ಸನ್ನು ಹದಗೊಳಿಸಲು ಇದಕ್ಕೆ ಮಿಗಿಲಾದ ಸಾಧನವಿಲ್ಲವೆಂಬಂತೆ ಅದನ್ನು ಹೊಗಳಿದನು. 1941ರಲ್ಲಿ ಡಚ್ ವಿದ್ವಾಂಸ ವಾನ್ ಗುಲಿಕ್‌ನು ಈ ಕೃತಿಯನ್ನು ಅನುವಾದಿಸಿ ಪ್ರಕಟಿಸಿದ ಮೇಲೆ ಅದು ಹೊರನಾಡುಗಳಿಗೆ ಪರಿಚಿತವಾಯಿತು. ಆದರೆ ಅದೇ ಶೀ ಕಾಂಗ್‌ನು ಇನ್ನೊಂದು ಪ್ರಬಂಧದಲ್ಲಿ, ನಾದದೊಳಗೆ ಶೋಕವೂ ಇಲ್ಲ, ಹರ್ಷವೂ ಇಲ್ಲ. ಅವೆರಡೂ ಕೇಳುವವನ ಹೃದಯದಲ್ಲಿ ಮೊದಲೇ ಇದ್ದವು ಎಂದು ವಾದಿಸಿದನು. ವಾದ್ಯವನ್ನು ಅಷ್ಟು ಪ್ರೀತಿಸಿದವನೇ ಅದಕ್ಕೆ ಮಂತ್ರಶಕ್ತಿಯನ್ನು ಆರೋಪಿಸಲು ನಿರಾಕರಿಸಿದನೆಂಬುದು ಚಿಂತನೀಯ.

ಶುಶ್ರೂಷೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದ ಸಾಕ್ಷಿಯನ್ನು ಒದಗಿಸುವವನು ಹನ್ನೊಂದನೆಯ ಶತಮಾನದ ಮಹಾಲೇಖಕ, ಇತಿಹಾಸಕಾರ ಓಯಾಂಗ್ ಶಿಯೂ (1007-1072). ಆತನಿಗೆ ಒಮ್ಮೆ ಆಳವಾದ ಮನೋವ್ಯಥೆಯು ಅಂಟಿಕೊಂಡಿತು. ವಿಶ್ರಾಂತಿ ಪಡೆದರೂ ಅದು ಗುಣವಾಗಲಿಲ್ಲ. ಬಳಿಕ ಗೆಳೆಯನೊಬ್ಬನಿಂದ ಗೂಚಿನ್ ಕಲಿತು, ಕೆಲವು ರಚನೆಗಳನ್ನು ಬಹುಕಾಲ ನುಡಿಸುತ್ತ ಅದರಲ್ಲಿ ತಲ್ಲೀನನಾದಾಗ, ತನ್ನ ದೇಹದಲ್ಲಿ ವ್ಯಾಧಿಯಿದೆಯೆಂಬುದೇ ಮರೆತುಹೋಯಿತೆಂದು ಆತನು ಬರೆದಿದ್ದಾನೆ. ಯಾಂಗ್ ಝ್ರಿ ಎಂಬ ಸ್ನೇಹಿತನು ದೂರದ ಆಗ್ನೇಯ ನಾಡಿನ ಸಣ್ಣ ಹುದ್ದೆಯೊಂದಕ್ಕೆ ಹೊರಟಾಗ ಆತನನ್ನು ಬೀಳ್ಕೊಡುತ್ತ ಬರೆದ ಲೇಖನದಲ್ಲಿ ಈ ಮಾತು ಬರುತ್ತದೆ. ಆ ಸ್ನೇಹಿತನು ಮೊದಲೇ ರೋಗಿಷ್ಠ. ತಕ್ಕ ಹುದ್ದೆ ದೊರೆಯಲಿಲ್ಲವೆಂಬ ಕೊರಗು ಬೇರೆ. ಹೋಗುವ ನಾಡಿನಲ್ಲಿ ವೈದ್ಯರೂ ಔಷಧಗಳೂ ವಿರಳ; ಅನ್ನಪಾನಗಳು ಒಗ್ಗದಂಥವು. ಇಂಥವನು ಮನಸ್ಸನ್ನು ಸಮಗೊಳಿಸಿಕೊಂಡು ವ್ಯಾಧಿಯನ್ನು ಸಂಭಾಳಿಸಬೇಕಾದರೆ ಗೂಚಿನ್‌ನಿಂದಲೂ ಒಂದಿಷ್ಟು ಪ್ರಯೋಜನವಾದೀತೆಂಬುದು ಆ ಲೇಖನದ ತಾತ್ಪರ್ಯ.

ಇಲ್ಲಿಯ ಮಾತುಗಳ ತೂಕವನ್ನು ಗಮನಿಸಬೇಕು. ಔಷಧ ದೊರೆಯದ ನಾಡಿಗೆ ಹೋಗುವುದು ಓಯಾಂಗ್ ಶಿಯೂವಿಗೆ ಚಿಂತೆಯ ವಿಷಯವಾಗಿದೆ. ವಾದ್ಯವು ಔಷಧದ ಸ್ಥಾನವನ್ನು ತುಂಬುವುದೆಂದು ಆತನು ಎಲ್ಲಿಯೂ ಹೇಳುವುದಿಲ್ಲ. ಸಮವಾಗಬೇಕಾದದ್ದು ಮನಸ್ಸು, ಅದು ಸಮವಾದರೆ ದೇಹದ ವ್ಯಾಧಿಯನ್ನು ತಾಳಿಕೊಳ್ಳುವುದು ಸುಲಭ. ಮತ್ತೊಂದು ಸೂಕ್ಷ್ಮವೂ ಇದರಲ್ಲಿದೆ: ಆತನಿಗೆ ಹಿತವಾದದ್ದು ಕೇವಲ ಕೇಳಿದ್ದರಿಂದಲ್ಲ, ಗೆಳೆಯನೊಬ್ಬನ ಬಳಿ ಕುಳಿತು ಕಲಿತದ್ದರಿಂದ, ದಿನವೂ ಬೆರಳುಗಳಿಂದ ನುಡಿಸಿದ್ದರಿಂದ. ಸಖ್ಯ ಮತ್ತು ಅಭ್ಯಾಸ ಎಂಬೆರಡು ಅಂಶಗಳು ಆ ಉಪಶಮನದಲ್ಲಿ ನಾದದ ಜೊತೆಗೇ ಸೇರಿದ್ದವು.

4

ಓಯಾಂಗ್ ಶಿಯೂ ಚೀನಾ ದೇಶದಲ್ಲಿ ಹೀಗೆ ಬರೆಯುತ್ತಿದ್ದ ಕಾಲದಲ್ಲಿಯೇ ನಮ್ಮ ಈ ಸೀಮೆಯಲ್ಲಿ ಕಲ್ಯಾಣದ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿಯು ಕಿಸುಕಾಡು 70ನ್ನು ಆಳುತ್ತಿದ್ದಳು. ಗಜೇಂದ್ರಗಡದ ಸಮೀಪದ ಸೂಡಿಯು ಆ ನಾಡಿನ ರಾಜಧಾನಿಯಾಗಿತ್ತು. ಕಿಸುಕಾಡು ನಾಡೂ ಬೆಳ್ವೊಲ 300 ಎಂಬ ನಾಡೂ ಒಂದನ್ನೊಂದು ಕೂಡುವ ಪ್ರದೇಶವೇ ಇಂದಿನ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಗದಗ ಜಿಲ್ಲೆಯಲ್ಲಿ ಇದು ಸೇರಿದೆ.

ಕಿಸುಕಾಡಿಗೆ ಆ ಹೆಸರು ತಂದುಕೊಟ್ಟ ಕಿಸುವೊಳಲು ಮಲಪ್ರಭೆಯ ತೀರದಲ್ಲಿದೆ. ಅದುವೇ ಇಂದಿನ ಪಟ್ಟದಕಲ್ಲು. ಅಲ್ಲಿ ಎಂಟನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಇಂದು ವಿರೂಪಾಕ್ಷವೆಂದು ಕರೆಯುವ ದೇವಾಲಯವನ್ನು ಕಟ್ಟಿಸಿದಳು. ಅದರ ಶಾಸನವೊಂದು, ಹಿಂದೆ ವಿಜಯಾದಿತ್ಯನು ಗಾಂಧರ್ವರಿಗೆ, ಅಂದರೆ ಗಾಯಕರಿಗೆ, ಕೊಟ್ಟಿದ್ದ ಮರ್ಯಾದೆ ಹಕ್ಕುಗಳನ್ನು ಲೋಕಮಹಾದೇವಿಯು ಮತ್ತೆ ಸ್ಥಿರಪಡಿಸಿದಳೆಂದು ತಿಳಿಸುತ್ತದೆ. ಆದುದರಿಂದ ಈ ನಾಡಿನಲ್ಲಿ ಸಂಗೀತಗಾರರು ಹನ್ನೆರಡು ಶತಮಾನಗಳಿಗಿಂತಲೂ ಹಿಂದೆಯೇ ಹಕ್ಕುಳ್ಳ ವೃತ್ತಿಸಮೂಹವಾಗಿದ್ದರೆಂಬುದು ನಿರ್ವಿವಾದ.

ಸಂಗೀತಗಾರರಿಗೆ ಅರಮನೆ ದೇಗುಲಗಳಲ್ಲಿ ಸ್ಥಾನವಿತ್ತೆಂದ ಮಾತ್ರಕ್ಕೆ ರೋಗಿಯ ಹಾಸಿಗೆಯ ಬಳಿಯೂ ಸ್ಥಾನವಿತ್ತೆಂದು ಹೇಳಲಾಗದು ಎಂಬ ಆಕ್ಷೇಪವು ಇಲ್ಲಿ ಬರಬಹುದು. ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಮೊದಲು ಆಯುರ್ವೇದದಲ್ಲಿ ಹುಡುಕಬೇಕು. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ಮುನ್ನ ಸಿದ್ಧಗೊಳಿಸಬೇಕಾದ ಆತುರಾಲಯದ ವರ್ಣನೆಯಿದೆ. ಕಟ್ಟಡವು ದೃಢವಾಗಿರಬೇಕು, ಬಿರುಗಾಳಿ ನುಗ್ಗಬಾರದು, ಆದರೂ ಒಂದೆಡೆಯಿಂದ ಗಾಳಿಯಾಡಬೇಕು, ಹೊಗೆ, ಬಿಸಿಲು, ಧೂಳುಗಳು ತಾಗಬಾರದು. ಅಡುಗೆಯವರು, ಸ್ನಾನ ಮಾಡಿಸುವವರು, ಎತ್ತಿ ಕೂರಿಸುವವರು, ಔಷಧ ಅರೆಯುವವರು ಇವರ ಜೊತೆಗೆ ಗೀತ ವಾದ್ಯಗಳಲ್ಲಿ ನುರಿತವರೂ ಕಥೆ, ಇತಿಹಾಸ, ಪುರಾಣಗಳನ್ನು ಹೇಳಬಲ್ಲವರೂ ಅಲ್ಲಿ ಇರಬೇಕೆಂದು ಚರಕನು ವಿಧಿಸುತ್ತಾನೆ. ಸಂಗೀತಗಾರನು ಇಲ್ಲಿ ಎಣಿಕೆಯಾದದ್ದು ಪರಿಚಾರಕರ ಗಣದಲ್ಲಿ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಔಷಧಗಳನ್ನು ಎಣಿಸುವಾಗ ಚರಕನು ಗೀತವನ್ನು ಸೇರಿಸಿಲ್ಲ.

ಇದು ಶಾಸ್ತ್ರದ ಮಾತು. ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ಕರ್ನಾಟಕದ ಶಾಸನವೇ ಸಾಕ್ಷಿ. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ನಮ್ಮ ವಿದ್ಯಾಸಂಸ್ಥೆಗಳ ಇತಿಹಾಸದಲ್ಲಿ ಸುಪ್ರಸಿದ್ಧವಾದುದು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಆ ಕಾಳಾಮುಖ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗವು ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥಕರು, ಗಾಯಕರು, ವಾದಕರು, ಕೊಳಲೂದುವವರು, ನರ್ತಕರು ಇವರಿಗೂ ಅಲ್ಲಿ ಅನ್ನದಾನವಿತ್ತು. ನಾನಾ ರೋಗಗಳಿಂದ ಪೀಡಿತರಾದ ಅನಾಥರಿಗೆ ಔಷಧೋಪಚಾರವೂ ಅಲ್ಲಿಯೇ ನಡೆಯುತ್ತಿತ್ತು. ಕಾಳಾಮುಖ ಆಚಾರ್ಯರ ಇಂಥ ಮಠಗಳು ಆ ಕಾಲದ ಕರ್ನಾಟಕದಲ್ಲಿ ಹಲವೆಡೆ ಇದ್ದವು. ಸೂಡಿಯೂ ಅವರ ಒಂದು ನೆಲೆ. ಗಾಯಕನೂ ರೋಗಿಯೂ ಒಂದೇ ಸೂರಿನ ಕೆಳಗೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಸಂಸ್ಥೆಯ ಚಿತ್ರವನ್ನು ಈ ಶಾಸನವು ನಮಗೆ ಕೊಡುತ್ತದೆ. ಆದರೆ ಅದರಲ್ಲಿಯೂ ಔಷಧದಾನವನ್ನು ಬೇರೆಯಾಗಿಯೇ ಹೆಸರಿಸಿದೆ.

5

ಇನ್ನು ಸಂಗೀತಶಾಸ್ತ್ರದ ಗ್ರಂಥಗಳತ್ತ ತಿರುಗೋಣ. ತಂತಿವಾದ್ಯಗಳ ವಿಚಾರದಲ್ಲಿ ಪ್ರಮಾಣಭೂತವಾದ ಮೂರು ಗ್ರಂಥಗಳು ಯಾವ ಮೂರು ಅರಸುಮನೆಗಳಲ್ಲಿ ಹುಟ್ಟಿದವೋ ಆ ಮೂರೂ ಅರಸುಮನೆಗಳು ಕ್ರಮವಾಗಿ ರೋಣ ಸೀಮೆಯನ್ನು ಆಳಿದವುಗಳೇ ಆಗಿವೆ. ಗ್ರಂಥಗಳು ರಚಿತವಾದದ್ದು ದೂರದ ರಾಜಧಾನಿಗಳಲ್ಲಿ ಎಂಬುದು ನಿಜ. ಆದರೂ ಅವು ಈ ನಾಡು ಯಾವ ಸಂಸ್ಕೃತಿಯ ವಲಯಕ್ಕೆ ಸೇರಿತ್ತೋ ಅದರ ದನಿಗಳು.

ಮೊದಲನೆಯದು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಗ್ರಂಥದ ಐದು ವಿಂಶತಿಗಳಲ್ಲಿ ಸಂಗೀತಕ್ಕೆ ಸ್ಥಾನ ದೊರೆತಿರುವುದು ವಿನೋದಗಳ ವಿಂಶತಿಯಲ್ಲಿ, ಗೀತವಿನೋದ ವಾದ್ಯವಿನೋದಗಳೆಂಬ ಹೆಸರಿನಲ್ಲಿ. ದೀನರು, ಅನಾಥರು, ಆರ್ತರು ಇವರ ಪೋಷಣೆಯಾದರೋ ಮೊದಲನೆಯ ವಿಂಶತಿಯಲ್ಲಿ ಅರಸನ ಧರ್ಮಗಳ ಸಾಲಿನಲ್ಲಿ ಬಂದಿದೆ. ಅರಸನು ಎರಡನ್ನೂ ತಿಳಿದಿರಬೇಕು, ಆದರೆ ಒಂದನ್ನು ಇನ್ನೊಂದರೊಡನೆ ಬೆರೆಸಬಾರದು ಎಂಬುದು ಈ ವಿಂಗಡಣೆಯಿಂದ ಸೂಚಿತವಾಗುತ್ತದೆ. ಇದೇ ಶತಮಾನದಲ್ಲಿ ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನು ಕಿನ್ನರಿ ನುಡಿಸುವುದನ್ನೇ ತನ್ನ ಸೇವೆಯನ್ನಾಗಿ ಮಾಡಿಕೊಂಡಿದ್ದನು. ತನ್ನ ದೇಹವನ್ನೇ ತಂತಿವಾದ್ಯವನ್ನಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡುವ ಬಸವಣ್ಣನವರ ವಚನವು ಸರ್ವವಿದಿತವಾದುದು. ಅಲ್ಲಿ ಕಲ್ಪಿತವಾದ ವಾದ್ಯವು ದಂಡ ಮತ್ತು ಸೋರೆಗಳಿಂದ ಕೂಡಿದ್ದು, ಅಂದರೆ ಕಿನ್ನರಿಯ ಜಾತಿಯದೇ ಆಗಿದೆ.

ಎರಡನೆಯದು ಶಾರ್ಙ್ಗದೇವನ ‘ಸಂಗೀತರತ್ನಾಕರ’. ದೇವಗಿರಿಯ ಸೇವುಣ ದೊರೆ ಸಿಂಘಣನು (1210-1247) ಹೊಯ್ಸಳರ ವಶದಲ್ಲಿದ್ದ ಮಲಪ್ರಭಾ ತುಂಗಭದ್ರೆಗಳ ನಡುವಣ ಪ್ರದೇಶವನ್ನು ಮರಳಿ ಗೆದ್ದುಕೊಂಡನು. ಅವನ ಆಸ್ಥಾನದಲ್ಲಿ ಶ್ರೀಕರಣಾಧಿಪನಾಗಿದ್ದವನೇ ಶಾರ್ಙ್ಗದೇವ. ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ಮನೆತನದ ಈತನು ವೈದ್ಯವಿದ್ಯೆಯನ್ನೂ ಬಲ್ಲವನು. ಏಳು ಅಧ್ಯಾಯಗಳ ಈ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ‘ಪಿಂಡೋತ್ಪತ್ತಿ’ ಎಂಬ ಪ್ರಕರಣವೊಂದಿದೆ. ಗರ್ಭವು ತಿಂಗಳು ತಿಂಗಳಿಗೂ ಬೆಳೆಯುವ ಬಗೆ, ಅಸ್ಥಿ, ಸ್ನಾಯು, ಧಾತುಗಳ ವಿವರ, ನಾಡಿಗಳು, ಚಕ್ರಗಳು ಇವೆಲ್ಲ ಅಲ್ಲಿ ಬರುತ್ತವೆ. ಸಂಗೀತಗ್ರಂಥವೊಂದು ಶರೀರಶಾಸ್ತ್ರದಿಂದ ಆರಂಭವಾಗುವುದಕ್ಕೆ ಕಾರಣವು ಸ್ಪಷ್ಟವಾಗಿದೆ: ನಾದವು ಪ್ರಾಣ ಮತ್ತು ಅಗ್ನಿಗಳ ಸಂಯೋಗದಿಂದ ಹುಟ್ಟುವುದೆಂದೂ, ಹೃದಯದಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಶಿರಸ್ಸಿನಲ್ಲಿ ತಾರ ಸ್ಥಾಯಿಗಳಿರುವುವೆಂದೂ ಆತನ ಮತ. ಹೀಗಾಗಿ ನಾದವನ್ನು ಅರಿಯಲು ಮೊದಲು ದೇಹವನ್ನು ಅರಿಯಬೇಕು. 22 ಶ್ರುತಿಗಳನ್ನು ಕಿವಿಗೆ ಪ್ರತ್ಯಕ್ಷಪಡಿಸಲು ತಲಾ 22 ತಂತಿಗಳ ಎರಡು ವೀಣೆಗಳನ್ನು ಹೂಡಿ, ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಕ್ರಮವಾಗಿ ಇಳಿಸುತ್ತ ಹೋಗುವ ಪ್ರಯೋಗವನ್ನೂ ಆತನು ವಿವರಿಸುತ್ತಾನೆ.

ವೈದ್ಯವನ್ನೂ ಸಂಗೀತವನ್ನೂ ಹೀಗೆ ಸಮಾನವಾಗಿ ಬಲ್ಲವನೊಬ್ಬನು ರಾಗದಿಂದ ರೋಗನಿವಾರಣೆಯ ವಿಧಾನವನ್ನು ಬರೆಯಬಹುದಾಗಿದ್ದರೆ ಅವನು ಶಾರ್ಙ್ಗದೇವನೇ ಆಗಬೇಕಾಗಿತ್ತು. ಆತನು ರಾಗಗಳಿಗೆ ರಸವನ್ನು ಹೇಳುತ್ತಾನೆ, ಋತುವನ್ನು ಹೇಳುತ್ತಾನೆ, ದಿನದ ವೇಳೆಯನ್ನೂ ಅಧಿದೇವತೆಯನ್ನೂ ಹೇಳುತ್ತಾನೆ. ರೋಗವನ್ನು ಮಾತ್ರ ಹೇಳುವುದಿಲ್ಲ. ಗ್ರಂಥದ ಆರಂಭದಲ್ಲಿ ತನ್ನನ್ನು ಕುರಿತು ಹೇಳಿಕೊಳ್ಳುವಾಗ ಆತನು ಬಳಸಿರುವ ಕ್ರಮವು ಈ ವಿಷಯದಲ್ಲಿ ನಿರ್ಣಾಯಕವಾಗಿದೆ. ಧನದಾನದಿಂದ ವಿಪ್ರರ ಕಷ್ಟವನ್ನೂ, ವಿದ್ಯೆಯಿಂದ ಜಿಜ್ಞಾಸುಗಳ ಕೊರತೆಯನ್ನೂ, ರಸಾಯನಗಳಿಂದ ರೋಗಪೀಡಿತರ ಬಾಧೆಯನ್ನೂ ನೀಗಿದ ಮೇಲೆ, ಈಗ ಸಮಸ್ತ ಲೋಕದ ತಾಪತ್ರಯವನ್ನು ಕಳೆಯುವ ಇಚ್ಛೆಯಿಂದ ಸಂಗೀತರತ್ನಾಕರವನ್ನು ಹೊರತರುತ್ತಿರುವೆನೆಂಬುದು ಅವನ ಮಾತಿನ ಸಾರ. ರೋಗಿಗೆ ರಸಾಯನ, ತಾಪದಲ್ಲಿರುವ ಲೋಕಕ್ಕೆ ಸಂಗೀತ. ಎರಡನ್ನೂ ಒಬ್ಬನೇ ಕೊಟ್ಟನು, ಎರಡರ ಎಲ್ಲೆಯನ್ನೂ ಅವನೇ ಅರಿತಿದ್ದನು.

ಮೂರನೆಯದು ಇದೇ ಗ್ರಂಥಕ್ಕೆ ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಆಸ್ಥಾನದಲ್ಲಿ ಚತುರ ಕಲ್ಲಿನಾಥನು ಬರೆದ ‘ಕಲಾನಿಧಿ’ ಎಂಬ ವ್ಯಾಖ್ಯಾನ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದ ಶತಮಾನವೂ ಅದೇ. ಶಾರ್ಙ್ಗದೇವನು ವಾದ್ಯಾಧ್ಯಾಯದಲ್ಲಿ ಏಕತಂತ್ರಿ, ನಕುಲ, ಚಿತ್ರಾ, ವಿಪಂಚೀ, ಆಲಾಪಿನಿ, ಕಿನ್ನರಿ ಮೊದಲಾದ ವೀಣೆಗಳೊಡನೆ 21 ತಂತಿಗಳ ಮತ್ತಕೋಕಿಲವನ್ನು ಹೇಳಿದ್ದನು. ಮೂರು ಸ್ಥಾಯಿಗಳಿಗೆ ಏಳೇಳು ಸ್ವರಗಳಂತೆ 21 ತಂತಿಗಳು. ಲೋಕದಲ್ಲಿ ಸ್ವರಮಂಡಲವೆಂದು ಕರೆಯುವುದು ಇದನ್ನೇ ಎಂದು ಕಲ್ಲಿನಾಥನು ಗುರುತಿಸುತ್ತಾನೆ. ಇಂದಿನ ಗೂಝೆಂಗ್‌ಗೂ 21 ತಂತಿಗಳೇ ಇವೆಯೆಂಬುದು ಕುತೂಹಲಕರವಾದರೂ ಅದರಿಂದ ಯಾವ ಸಂಬಂಧವನ್ನೂ ಸ್ಥಾಪಿಸಲಾಗದು. ಗೂಝೆಂಗ್‌ನ ತಂತಿಗಳು ಐದು ಸ್ವರಗಳ ಕ್ರಮದಲ್ಲಿ ಸುಮಾರು ನಾಲ್ಕು ಸ್ಥಾಯಿಗಳಿಗೆ ಹರಡಿವೆ. ಮತ್ತಕೋಕಿಲದ್ದು ಏಳು ಸ್ವರಗಳ ಮೂರು ಸ್ಥಾಯಿಗಳು. ಸ್ವರಮಂಡಲವಾದರೋ ಇಪ್ಪತ್ತನೆಯ ಶತಮಾನದಲ್ಲಿ ಬಡೇ ಗುಲಾಮ ಅಲಿ ಖಾನರಂಥ ಹಿಂದೂಸ್ತಾನಿ ಗಾಯಕರ ಮಡಿಲಲ್ಲಿ ಮತ್ತೆ ಕಾಣಿಸಿಕೊಂಡು ಇಂದಿಗೂ ಬಳಕೆಯಲ್ಲಿದೆ.

6

ಮೇಲ್ಕಂಡ ಸಾಕ್ಷ್ಯಗಳಿಂದ ಹೊರಡುವ ಸಂಬಂಧವು ಕೇವಲ ಗ್ರಂಥಸ್ಥವಾಗಿ ಉಳಿಯಲಿಲ್ಲ. ರೋಣಕ್ಕೆ ನೆರೆಯ ಗದುಗಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ಸ್ಮರಿಸಬೇಕು. ಪಂಚಾಕ್ಷರಿ ಗವಾಯಿಗಳು (1892-1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಇಬ್ಬರೂ ಅಂಧರು. ಅಂಧರಿಗೂ ಅನಾಥರಿಗೂ ಅನ್ನ, ವಸತಿಗಳೊಡನೆ ಸಂಗೀತವಿದ್ಯೆಯನ್ನು ಕೊಟ್ಟ ಈ ಆಶ್ರಮವು ಕೋಡಿಯಮಠದ ನೇರ ಸಂತತಿಯೇನೂ ಅಲ್ಲ. ಆದರೆ ದೀನನೂ ಗಾಯಕನೂ ಒಂದೇ ಸೂರಿನ ಕೆಳಗೆ ಇರುವ ಆ ಹಳೆಯ ಮಾದರಿಯನ್ನು ಅದು ನೆನಪಿಗೆ ತರುತ್ತದೆ. ಕೋಡಿಯಮಠದಲ್ಲಿ ಕುರುಡನೂ ಗಾಯಕನೂ ಪಕ್ಕಪಕ್ಕದಲ್ಲಿ ಉಂಡರು. ಪುಣ್ಯಾಶ್ರಮದಲ್ಲಿ ಕುರುಡನೇ ಗಾಯಕನಾದನು. ಸಂಗೀತವು ಅಲ್ಲಿ ಯಾರ ಕಣ್ಣನ್ನೂ ಮರಳಿಸಲಿಲ್ಲ. ಕಣ್ಣಿಲ್ಲದವನಿಗೆ ಒಂದು ವೃತ್ತಿಯನ್ನೂ ಜನರ ನಡುವೆ ಗೌರವದ ಸ್ಥಾನವನ್ನೂ ಒದಗಿಸಿತು. ಉಪಶಮನವೆಂಬ ಮಾತಿಗೆ ಇದೂ ಒಂದು ಅರ್ಥ.

ಎರಡನೆಯ ನಿದರ್ಶನವು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರದು. ತಾರುಣ್ಯದಲ್ಲಿಯೇ ಪ್ರಸಿದ್ಧಿಗೆ ಬಂದ ಈ ಗಾಯಕರಿಗೆ ಕ್ಷಯರೋಗವು ತಗಲಿತು. 1948ರಲ್ಲಿ ಅವರು ಒಣಹವೆಯ ದೇವಾಸಕ್ಕೆ ಹೋಗಿ ನೆಲಸಿದರು. ಹಾಡುವುದಕ್ಕೆ ವೈದ್ಯರು ನಿಷೇಧ ಹಾಕಿದ್ದರು. ಹಾಸಿಗೆಯಲ್ಲಿ ಮಲಗಿ ಮಾಳವದ ಜನಪದ ಗೀತೆಗಳನ್ನು ಆಲಿಸುತ್ತ ಕಳೆದ ಆ ವರ್ಷಗಳು ಅವರ ಸಂಗೀತದೃಷ್ಟಿಯನ್ನೇ ಬದಲಿಸಿದುವೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ರೋಗವನ್ನು ಹಿಮ್ಮೆಟ್ಟಿಸಿದ್ದು 1952ರ ಸುಮಾರಿಗೆ ಅವರಿಗೆ ದೊರೆತ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ. 1953ರಲ್ಲಿ ಅವರು ಮತ್ತೆ ವೇದಿಕೆಯನ್ನೇರಿ ಹಾಡಿದರು. ಔಷಧವಿಲ್ಲದಿದ್ದರೆ ಗಾಯಕನು ಉಳಿಯುತ್ತಿರಲಿಲ್ಲ. ಆ ಕೇಳ್ಮೆಯಿಲ್ಲದಿದ್ದರೆ ಉಳಿದವನು ಅದೇ ಗಾಯಕನಾಗಿರುತ್ತಿರಲಿಲ್ಲ. ಶಾರ್ಙ್ಗದೇವನು ಬೇರೆ ಬೇರೆಯಾಗಿ ಹೇಳಿದ ಎರಡು ಉಪಕಾರಗಳು ಒಬ್ಬನ ಬಾಳಿನಲ್ಲಿ ಹೀಗೆ ಒಟ್ಟಿಗೆ ಕಾಣಿಸಿಕೊಂಡುವು.

ಈಚಿನ ವೈದ್ಯಪರೀಕ್ಷೆಗಳ ಫಲಿತಾಂಶವೂ ಇದಕ್ಕೆ ವಿರೋಧವಾಗಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಸಂಗೀತವನ್ನು ಕೇಳಿಸಿದ 26 ಪರೀಕ್ಷೆಗಳನ್ನು, ಒಟ್ಟು 2051 ಜನರ ವಿವರಗಳನ್ನು, ಒಂದೆಡೆ ತುಲನೆಮಾಡಿದ ಕಾಕ್ರೇನ್ ಸಮೀಕ್ಷೆಯೊಂದು 2013ರಲ್ಲಿ ಪ್ರಕಟವಾಯಿತು. ಸಂಗೀತವು ರೋಗಿಯ ಆತಂಕವನ್ನು ತಗ್ಗಿಸಬಲ್ಲದೆಂದು ಅದು ಹೇಳಿತು. ಪರೀಕ್ಷೆಗಳ ಕ್ರಮದಲ್ಲಿ ಕೊರತೆಗಳಿರುವುದರಿಂದ ಈ ತೀರ್ಮಾನವನ್ನು ಎಚ್ಚರದಿಂದ ಸ್ವೀಕರಿಸಬೇಕೆಂದೂ ಸೇರಿಸಿತು. ಆತಂಕವು ತಗ್ಗುವುದು ಸಣ್ಣ ಪ್ರಯೋಜನವೇನಲ್ಲ. ಚರಕನು ಗೀತಜ್ಞರನ್ನು ಆತುರಾಲಯಕ್ಕೆ ಕರೆಸಿದ್ದೂ, ಓಯಾಂಗ್ ಶಿಯೂ ರೋಗಿಷ್ಠ ಸ್ನೇಹಿತನಿಗೆ ಗೂಚಿನ್ ಹಿಡಿಯೆಂದು ಹೇಳಿದ್ದೂ ಇಂಥ ಪ್ರಯೋಜನಕ್ಕಾಗಿಯೇ.

7

ಈ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಪೂರ್ವಿಕರ ನಿಲುವಿನಲ್ಲಿ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ನಾದವು ದೇಹದಿಂದಲೇ ಹುಟ್ಟಿ ದೇಹವನ್ನೇ ಮುಟ್ಟುವುದೆಂಬುದರಲ್ಲಿ ಚೀನೀಯರಿಗಾಗಲಿ ನಮ್ಮವರಿಗಾಗಲಿ ಸಂದೇಹವಿರಲಿಲ್ಲ. ಎರಡನೆಯದಾಗಿ, ರೋಗಿಯ ಬಳಿ ಸಂಗೀತವು ಇರಬೇಕೆಂದು ಅವರು ಬಯಸಿದರು. ಆದರೆ ಪರಿಚಾರಕನಾಗಿ, ಸಖನಾಗಿ, ವೈದ್ಯನ ಜೊತೆಯಲ್ಲಿ. ಮೂರನೆಯದಾಗಿ, ಇಂಥ ಸ್ವರಕ್ಕೆ ಇಂಥ ರೋಗವೆಂಬ ಚೀಟಿಯನ್ನು ನಮ್ಮ ಸಂಗೀತಶಾಸ್ತ್ರದ ಮಹಾಗ್ರಂಥವು ಬರೆದುಕೊಡಲಿಲ್ಲ. ಚೀನೀಯರ ಪಂಚಸ್ವರ ಪಂಚಾಂಗಗಳ ಹೊಂದಿಕೆಯು ಸಮಗ್ರ ವಿಶ್ವದರ್ಶನವೊಂದರ ಅಂಗವಾಗಿತ್ತು. ಅವರಲ್ಲಿಯೂ ಶೀ ಕಾಂಗ್‌ನಂಥವರು ನಾದದ ಮೇಲೆ ಹೊರಿಸುವ ಭಾರಕ್ಕೆ ಮಿತಿಯಿರಬೇಕೆಂದು ಎಚ್ಚರಿಸಿದ್ದರು. ಹೀಗಿದ್ದೂ ‘ಪೂರ್ವಿಕರ ರಾಗಚಿಕಿತ್ಸೆ’ ಎಂಬ ಹೆಸರಿನಲ್ಲಿ ಪಟ್ಟಿಗಳನ್ನು ಹಂಚುವುದು ಪೂರ್ವಿಕರಿಗೂ ರೋಗಿಗಳಿಗೂ ಸಮಾನವಾಗಿ ಮಾಡುವ ಅನ್ಯಾಯ.

ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸವು ಸಾಕಷ್ಟಿದೆ. ಸೂಡಿ, ರೋಣ, ನರೇಗಲ್ಲುಗಳ ಶಾಸನಗಳನ್ನು ರಾಜಕೀಯ ಇತಿಹಾಸಕ್ಕಾಗಿ ಓದಿದಂತೆಯೇ ಗಾಂಧರ್ವರು, ವಾಂಶಿಕರು, ವೀಣೆಯವರು, ವೈದ್ಯರು, ಅನ್ನಸತ್ರಗಳು ಎಂಬ ಶಬ್ದಗಳಿಗಾಗಿಯೂ ಸಾಲು ಸಾಲಾಗಿ ಓದಬಹುದು. ಈ ಭಾಗದ ದೇವಾಲಯಗಳ ಶಿಲ್ಪದಲ್ಲಿ ತಂತಿವಾದ್ಯ ಹಿಡಿದ ಮೂರ್ತಿಗಳನ್ನು ದಂಡದ ಉದ್ದ, ಬುರುಡೆಗಳ ಸಂಖ್ಯೆ, ಹಿಡಿದ ಭಂಗಿ ಇವುಗಳೊಡನೆ ಪಟ್ಟಿಮಾಡಬಹುದು. ಊರಿಂದೂರಿಗೆ ಕಥೆ ಹಾಡುತ್ತ ಬರುವ ಕಿನ್ನರಿ ಜೋಗಿಗಳ ವಾದನವನ್ನು, ಆ ವಾದ್ಯವನ್ನು ಕಟ್ಟುವ ಕ್ರಮವನ್ನು ಅವರು ಇರುವಾಗಲೇ ದಾಖಲು ಮಾಡಿಕೊಳ್ಳಬೇಕು. ಹಾಗೆ ಮಾಡಿದವನು ಗೂಚಿನ್ ವಾದನವನ್ನು ಕೇಳುವಾಗ ಅದನ್ನು ಒಂದು ನಿದ್ರೌಷಧವೆಂದು ಭಾವಿಸದೆ, ನಮ್ಮಂತೆಯೇ ದುಃಖವನ್ನು ಕಂಡು ಅದರ ನಡುವೆ ಒಂದು ತಂತಿಯನ್ನು ಮಿಡಿದ ಜನರ ದನಿಯೆಂದು ಕೇಳಬಲ್ಲನು. ಆ ನಾದದಿಂದ ಅವನಿಗೆ ನೆಮ್ಮದಿಯೂ ದೊರೆಯಬಹುದು. ಜ್ವರ ಬಂದಾಗ ಮಾತ್ರ ಅವನು, ಶಾರ್ಙ್ಗದೇವನ ಕಾಲದ ರೋಗಿಯಂತೆಯೇ, ಮೊದಲು ವೈದ್ಯನ ಮನೆಗೆ ಹೋಗತಕ್ಕದ್ದು.